ನಕ್ಷತ್ರ ಕಾಯುವವರ ಬಳಗ

ಹಗಲೆಲ್ಲ ಖಜಾನೆಯಲ್ಲಿ ಕುಳಿತು ನಾಣ್ಯಗಳನ್ನು ಪರೀಕ್ಷಿಸಿ ಎಣಿಸುವ ಕೆಲಸ. ಸಂಬಳ ಆರಂಭದಲ್ಲಿ ತಿಂಗಳಿಗೆ 15 ರೂಪಾಯಿ. ಪ್ರವೇಶ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿ ಓದು ಅಲ್ಲಿಗೇ ನಿಂತಿತ್ತು. ಇಂಥ ಗುಮಾಸ್ತರೊಬ್ಬರು ಜಗತ್ತಿನ ಖಗೋಳ ವಿಜ್ಞಾನಿಗಳಿಗೆ ಬೇಕಾದವರಾದರು ಎಂದರೆ ಯಾರಿಗೂ ಅಚ್ಚರಿಯಾದೀತು. ಅವರೇ ಬಂಗಾಳದ ಜೆಸ್ಸೋರ್ ಪಟ್ಟಣದ ರಾಧಾಗೋವಿಂದ ಚಂದ್ರ. ಜೆಸ್ಸೋರ್ ಈಗ ಬಾಂಗ್ಲಾದೇಶದಲ್ಲಿದೆ.

ಚಂದ್ರ ಅವರಿಗೆ ಬಾಲ್ಯದಿಂದಲೂ ಆಕಾಶದ ಹುಚ್ಚು. ಸಾಲದ ಸಂಬಳದಲ್ಲೇ ಉಳಿಸಿ ಇಂಗ್ಲೆಂಡಿನಿಂದ ಮೂರು ಅಂಗುಲದ ದೂರದರ್ಶಕವೊಂದನ್ನು ತರಿಸಿಕೊಂಡಿದ್ದರು. 1918ರ ಜೂನ್ ತಿಂಗಳಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಹಿಂದೆ ಇರದಿದ್ದ ಪ್ರಕಾಶಮಾನವಾದ ಚುಕ್ಕೆಯೊಂದು ಅವರ ಕಣ್ಣಿಗೆ ಬಿತ್ತು. ಅದು ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಕಾಶಮಾನ ನವತಾರೆ. ಬೇರೆ ದೇಶಗಳಲ್ಲೂ ಹಲವರು ಅದನ್ನು ಗುರುತಿಸಿದ್ದರು. ಚಂದ್ರ ತಾವು ಕಂಡದ್ದನ್ನು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಬರೆದು ತಿಳಿಸಿದರು. ಆ ಪತ್ರದಿಂದಾಗಿ ಅವರಿಗೆ ಒಂದು ಬಳಗದ ಪರಿಚಯವಾಯಿತು.

ಅದು ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘ. ಎಲ್ಲ ನಕ್ಷತ್ರಗಳೂ ಸದಾ ಒಂದೇ ಸಮನೆ ಬೆಳಗುವುದಿಲ್ಲ. ಉದಾಹರಣೆಗೆ, ಮೈರಾ ಎಂಬ ನಕ್ಷತ್ರ ಬರಿಗಣ್ಣಿಗೆ ಚೆನ್ನಾಗಿ ಕಾಣುವಂತಿದ್ದು, ಕ್ರಮೇಣ ಮಂಕಾಗಿ ಮಾಯವಾಗಿ, ಸುಮಾರು 332 ದಿನಗಳಿಗೊಮ್ಮೆ ಮತ್ತೆ ಬೆಳಗುತ್ತದೆ. ಇಂಥವನ್ನು ವರ್ಷಗಟ್ಟಲೆ ಬಿಡದೆ ನೋಡುತ್ತಿರಬೇಕು. ವೀಕ್ಷಣಾಲಯಗಳ ಬೆರಳೆಣಿಕೆಯ ವಿಜ್ಞಾನಿಗಳಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಹಾರ್ವರ್ಡಿನ ಎಡ್ವರ್ಡ್ ಪಿಕರಿಂಗ್ ಈ ಕೆಲಸಕ್ಕೆ ಹವ್ಯಾಸಿಗಳೇ ಸರಿ ಎಂದು ಪ್ರೋತ್ಸಾಹಿಸಿದರು. ವಕೀಲರಾಗಿದ್ದ ವಿಲಿಯಂ ಟೈಲರ್ ಓಲ್ಕಾಟ್ 1911ರಲ್ಲಿ ಸಂಘ ಕಟ್ಟಿದರು.

ಸಂಘದ ಸದಸ್ಯರಲ್ಲಿ ಹೆಚ್ಚಿನವರು ಪರಸ್ಪರ ಮುಖ ನೋಡಿದವರಲ್ಲ. ಅವರನ್ನು ಕೂಡಿಸಿದ್ದು ಒಂದೇ ಬಗೆಯ ನಕ್ಷೆ ಮತ್ತು ಒಂದೇ ಕಟ್ಟುನಿಟ್ಟಿನ ಕ್ರಮ. ನೋಡಬೇಕಾದ ನಕ್ಷತ್ರದ ಸುತ್ತಲಿನ, ಬದಲಾಗದ ನಕ್ಷತ್ರಗಳ ಕಾಂತಿಮಾನವನ್ನು ನಕ್ಷೆಯಲ್ಲಿ ಗುರುತಿಸಿರುತ್ತಾರೆ. ಅವುಗಳೊಡನೆ ಹೋಲಿಸಿ ಅಂದಾಜು ಮಾಡಬೇಕು. ನಕ್ಷೆಯಲ್ಲಿ 8.4 ಎಂಬುದನ್ನು 84 ಎಂದು ಬರೆಯುವುದು ವಾಡಿಕೆ. ದಶಾಂಶದ ಚುಕ್ಕೆಯನ್ನು ಯಾರಾದರೂ ನಕ್ಷತ್ರವೆಂದು ತಿಳಿದುಬಿಟ್ಟರೆ! ನಕ್ಷತ್ರ ಕಾಣದಿದ್ದರೆ ‘ಇಷ್ಟು ಕಾಂತಿಮಾನದವರೆಗೆ ನೋಡಿದೆ, ಕಾಣಲಿಲ್ಲ’ ಎಂದೇ ಬರೆದು ಕಳುಹಿಸಬೇಕು. ಆ ‘ಕಾಣಲಿಲ್ಲ’ಕ್ಕೂ ಲೆಕ್ಕದಲ್ಲಿ ಸ್ಥಾನವುಂಟು.

ಅಮೆರಿಕದಲ್ಲಿ ಹಗಲಾಗಿರುವಾಗ ಬಂಗಾಳದಲ್ಲಿ ರಾತ್ರಿ. ಅಲ್ಲಿನವರಿಗೆ ತಪ್ಪಿಹೋದುದನ್ನು ಜೆಸ್ಸೋರಿನಲ್ಲಿ ಹಿಡಿಯಬಹುದಿತ್ತು. ಆದ್ದರಿಂದಲೇ ಚಂದ್ರ ಅವರ ಟಿಪ್ಪಣಿಗಳಿಗೆ ಬೆಲೆ ಬಂತು. 1926ರಲ್ಲಿ ಸಂಘವು ಆರು ಅಂಗುಲಕ್ಕೂ ತುಸು ದೊಡ್ಡದಾದ ದೂರದರ್ಶಕವನ್ನು ಹಡಗಿನಲ್ಲಿ ಅವರಿಗೆ ಎರವಲಾಗಿ ಕಳುಹಿಸಿಕೊಟ್ಟಿತು. ಅವರು ಆ ನಂಬಿಕೆಯನ್ನು ಉಳಿಸಿಕೊಂಡರು. ದೇಶ ವಿಭಜನೆಯಾಗಿ ಹುಟ್ಟೂರನ್ನು ಬಿಟ್ಟು ಭಾರತಕ್ಕೆ ಬಂದ ಮೇಲೂ 1954ರ ತನಕ ವೀಕ್ಷಣೆ ನಡೆಸಿದರು. ಅವರು ಕಳುಹಿಸಿದ ವೀಕ್ಷಣೆಗಳು 37,000ಕ್ಕೂ ಹೆಚ್ಚು.

ಬಳಗದಲ್ಲಿ ಇಂಥವರು ಇನ್ನೂ ಇದ್ದರು. ಓಹಾಯೊ ರಾಜ್ಯದ ರೈತನ ಮಗ ಲೆಸ್ಲಿ ಪೆಲ್ಟಿಯರ್ ಹುಡುಗನಾಗಿದ್ದಾಗ ಸ್ಟ್ರಾಬೆರಿ ಹಣ್ಣು ಕೊಯ್ದು, ಕೂಲಿಯ 18 ಡಾಲರ್ ಕೂಡಿಸಿ ಮೊದಲ ದೂರದರ್ಶಕ ಕೊಂಡ. 1918ರಲ್ಲಿ ವರದಿ ಕಳುಹಿಸತೊಡಗಿದವರು 1980ರಲ್ಲಿ ತೀರಿಕೊಳ್ಳುವ ತನಕ ನಿಲ್ಲಿಸಲಿಲ್ಲ. ನ್ಯೂಜಿಲೆಂಡಿನ ಆಲ್ಬರ್ಟ್ ಜೋನ್ಸ್ ಒಬ್ಬರೇ ಐದು ಲಕ್ಷಕ್ಕೂ ಮಿಕ್ಕಿ ವೀಕ್ಷಣೆ ಮಾಡಿದರು.

ಇಷ್ಟಾದರೂ ಸಂಘಕ್ಕೆ ಕಷ್ಟ ತಪ್ಪಲಿಲ್ಲ. 1950ರ ದಶಕದಲ್ಲಿ ಹಾರ್ವರ್ಡ್ ವೀಕ್ಷಣಾಲಯ ತನ್ನ ಆಶ್ರಯವನ್ನು ಹಿಂತೆಗೆದುಕೊಂಡಿತು. ನಿರ್ದೇಶಕಿ ಮಾರ್ಗರೆಟ್ ಮೇಯಲ್ ದಾಖಲೆಗಳನ್ನು ಕಟ್ಟಿಕೊಂಡು ಬಾಡಿಗೆ ಕೋಣೆಗೆ ಹೋಗಬೇಕಾಯಿತು. ಬಳಗ ಅಲ್ಲಿಗೇ ಚದುರಬಹುದಿತ್ತು. ಆದರೆ ಸದಸ್ಯರು ದೇಣಿಗೆ ಕೊಟ್ಟರು, ವರದಿಗಳೂ ಎಂದಿನಂತೆ ಬರುತ್ತಿದ್ದವು. ಹೀಗೆ ಕೂಡಿಬಂದ ವೀಕ್ಷಣೆಗಳು ಇಂದು ಕೋಟಿಗಟ್ಟಲೆ. ಹಬಲ್ ದೂರದರ್ಶಕವನ್ನು ಕೆಲವು ಚಂಚಲ ನಕ್ಷತ್ರಗಳತ್ತ ತಿರುಗಿಸುವ ಮುನ್ನ, ಅವು ಹಠಾತ್ತನೆ ಉರಿದೆದ್ದಿಲ್ಲವಷ್ಟೇ ಎಂದು ವಿಜ್ಞಾನಿಗಳು ಈ ಹವ್ಯಾಸಿಗಳನ್ನೇ ಕೇಳಿದ್ದುಂಟು. ತೀರಾ ಹೆಚ್ಚಿನ ಬೆಳಕು ಬಿದ್ದರೆ ಅದರ ಸೂಕ್ಷ್ಮ ಉಪಕರಣಗಳು ಕೆಟ್ಟಾವೆಂಬ ಭಯ!

ಚಂದ್ರ ಅವರಿಗೆ ಬಂದ ಎರವಲು ದೂರದರ್ಶಕ ಮೂಲೆಗುಂಪಾಗಲಿಲ್ಲ. ಅದು ಮುಂದೆ ವೈನು ಬಾಪು ಅವರ ಕೈಸೇರಿತು. ಬಾಪು ಅವರೂ ವಿದ್ಯಾರ್ಥಿಯಾಗಿದ್ದಾಗಲೇ ಚಂಚಲ ನಕ್ಷತ್ರಗಳ ಬೆನ್ನು ಹತ್ತಿದವರು. ಕೊನೆಗೆ ಅದು ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯವನ್ನು ತಲುಪಿತು. ಅದನ್ನು ನಡೆಸುತ್ತಿರುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಈ ಕೆಲಸಕ್ಕೆ ಕೈಹಾಕಲು ದೂರದರ್ಶಕವೇ ಬೇಕೆಂದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಕಾಣುವ ಕೆಂಬಣ್ಣದ ಆರ್ದ್ರಾ ಸಾಮಾನ್ಯವಾಗಿ ರೋಹಿಣಿಗಿಂತ ಉಜ್ಜ್ವಲ. 2020ರ ಫೆಬ್ರುವರಿಯಲ್ಲಿ ಅದು ರೋಹಿಣಿಗಿಂತಲೂ ಮಂಕಾಗಿತ್ತು, ಬರಿಗಣ್ಣಿಗೇ ತಿಳಿಯುತ್ತಿತ್ತು. ನಾಲ್ಕು ಮಕ್ಕಳು ಸೇರಿ ಮಹಡಿಯ ಮೇಲೆ ನಿಂತು, ವಾರಕ್ಕೊಮ್ಮೆ ಇವೆರಡನ್ನೂ ಹೋಲಿಸಿ, ಒಬ್ಬರದನ್ನೊಬ್ಬರು ನೋಡಿ ಬರೆಯದೆ ಒಂದೇ ಪುಸ್ತಕದಲ್ಲಿ ದಾಖಲಿಸಿದರೆ ಅಲ್ಲೊಂದು ಬಳಗ ಹುಟ್ಟಿತೆಂದೇ ಅರ್ಥ. ಅಂಕಪಟ್ಟಿಗೆ ಇದರಿಂದೇನು ಲಾಭ ಎಂದು ಕೇಳುವ ತಂದೆತಾಯಿಯರು ಮೂರು ಸಲ ನಪಾಸಾದ ಆ ಗುಮಾಸ್ತರನ್ನು ಒಮ್ಮೆ ನೆನೆಯಲಿ.