ಔಷಧಿಯೇ ತಡೆಯಾದ ಬಗೆ

1986ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ಅವರು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದ ಮಾದರಿಗಳಲ್ಲಿ ಎಚ್‌ಐವಿ ಸೋಂಕನ್ನು ಗುರುತಿಸಿದಾಗ, ಈ ರೋಗ ಭಾರತಕ್ಕೆ ಬಂದಿಲ್ಲವೆಂಬ ನಂಬಿಕೆ ಮುರಿದುಬಿದ್ದಿತಾದರೂ, ಸೋಂಕಿತರಿಗೆ ಕೊಡಲು ವೈದ್ಯರ ಕೈಯಲ್ಲಿ ಮದ್ದು ಮಾತ್ರ ಇರಲಿಲ್ಲ. ಹೀಗಾಗಿ ಕಾಂಡೋಮ್ ಬಳಕೆ, ರಕ್ತನಿಧಿಗಳಲ್ಲಿ ರಕ್ತದ ತಪಾಸಣೆ ಮತ್ತು ಸೂಜಿಗಳ ಬಗೆಗಿನ ಎಚ್ಚರಿಕೆಗಳೇ ದೀರ್ಘಕಾಲ ಸೋಂಕು ತಡೆಯುವ ಕ್ರಮಗಳಾಗಿ ಉಳಿದವು. ಇವೆಲ್ಲವೂ ಅಗತ್ಯವಾಗಿದ್ದವು, ಇಂದಿಗೂ ಅಗತ್ಯವೇ. ಆದರೆ ಆಗಲೇ ಸೋಂಕು ತಗುಲಿದ್ದ ವ್ಯಕ್ತಿಗೆ ಇವುಗಳಲ್ಲಿ ಹೇಳುವಂಥ ನೆರವೇನೂ ಇರಲಿಲ್ಲ.

ಎಚ್‌ಐವಿ ವೈರಾಣು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ನಡೆಸುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಹೊಕ್ಕು, ತನ್ನದೇ ಕಿಣ್ವವೊಂದರ ನೆರವಿನಿಂದ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸಿ, ಆ ಕಣದ ವಂಶವಾಹಿಯೊಳಗೆ ಸೇರಿಕೊಂಡು ವೃದ್ಧಿಯಾಗುತ್ತದೆ. ಸಿಡಿ4 ಕಣಗಳು ವರ್ಷಗಟ್ಟಲೆ ಹೀಗೆ ನಾಶವಾಗಿ, ಕ್ಷಯದಂಥ ರೋಗಗಳಿಗೆ ದೇಹ ತುತ್ತಾಗುವ ಹಂತವನ್ನೇ ಏಡ್ಸ್ ಎನ್ನುವುದು. ಈ ಕಿಣ್ವಕ್ಕೆ ಅಡ್ಡಿಯೊಡ್ಡುವ ಮೊದಲ ಔಷಧಿಯಾದ ಜಿಡೊವುಡಿನ್, 1964ರಲ್ಲಿ ಕ್ಯಾನ್ಸರ್‌ಗೆಂದು ತಯಾರಾಗಿ ಮೂಲೆ ಸೇರಿದ್ದ ರಾಸಾಯನಿಕವಾಗಿದ್ದು, 1987ರಲ್ಲಿ ಅಮೆರಿಕದಲ್ಲಿ ಏಡ್ಸ್ ಚಿಕಿತ್ಸೆಗೆ ಮಾನ್ಯತೆ ಪಡೆಯಿತು. ಒಂದೇ ಔಷಧಿಯನ್ನು ಕೊಟ್ಟರೆ ವೈರಾಣು ರೂಪ ಬದಲಿಸಿಕೊಂಡು ಅದನ್ನು ನಿಷ್ಫಲಗೊಳಿಸುತ್ತಿದ್ದುದರಿಂದ ನಿಜವಾದ ತಿರುವಿಗೆ 1996ರವರೆಗೆ ಕಾಯಬೇಕಾಯಿತು. ಆ ವರ್ಷ, ಮೂರು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ವೈರಾಣುವಿನ ವೃದ್ಧಿ ಬಹುತೇಕ ನಿಲ್ಲುತ್ತದೆಂಬುದು ಸ್ಥಿರಪಟ್ಟಿತು.

ಸಾವನ್ನು ಮುಂದೂಡುವ ಮದ್ದು ದೊರೆತಿದ್ದರೂ ಅದರ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚಾಗಿದ್ದುದರಿಂದ, ಶ್ರೀಮಂತ ದೇಶಗಳಲ್ಲಿ ಸಾವುಗಳು ಇಳಿಯುತ್ತಿದ್ದ ಹೊತ್ತಿನಲ್ಲೇ ಆಫ್ರಿಕಾ ಮತ್ತು ಏಷ್ಯಾದಲ್ಲಿ ಲಕ್ಷಾಂತರ ಜನ, ಚಿಕಿತ್ಸೆಯಿರುವ ಕಾಯಿಲೆಯಿಂದಲೇ ಸತ್ತರು. ಈ ಚರಿತ್ರೆಯಲ್ಲಿ ಅತ್ಯಂತ ಅನ್ಯಾಯದ ಕಾಲ ಇದೇ.

ಈ ಬೆಲೆಯನ್ನು ಮುರಿದುದರ ಹಿಂದೆ ಭಾರತದ 1970ರ ಪೇಟೆಂಟ್ ಕಾಯ್ದೆಯಿದೆ. ಆ ಕಾಯ್ದೆಯು ಔಷಧಿಗೇ ಪೇಟೆಂಟ್ ನೀಡದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ನೀಡುತ್ತಿದ್ದುದರಿಂದ, ಬೇರೊಂದು ವಿಧಾನ ಕಂಡುಕೊಂಡವರು ಅದೇ ಔಷಧಿಯನ್ನು ಇಲ್ಲಿ ಕಾನೂನುಬದ್ಧವಾಗಿ ತಯಾರಿಸಬಹುದಾಗಿತ್ತು. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಎ.ವಿ. ರಾಮರಾವ್ ಅವರ ತಂಡ ಜಿಡೊವುಡಿನ್ ತಯಾರಿಕೆಯ ವಿಧಾನವನ್ನು ರೂಪಿಸಿತು. ಮುಂಬೈಯ ಸಿಪ್ಲಾ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಮುಂದೆ ಸಿಪ್ಲಾ ಮೂರು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿತು; ಬೇರೆ ಬೇರೆ ದೇಶಗಳಲ್ಲಿ ಆ ಔಷಧಿಗಳ ಪೇಟೆಂಟ್ ಬೇರೆ ಬೇರೆ ಕಂಪನಿಗಳ ಕೈಯಲ್ಲಿದ್ದುದರಿಂದ ಅಲ್ಲಿ ಇದು ಸುಲಭಸಾಧ್ಯವಿರಲಿಲ್ಲ. 2001ರ ಫೆಬ್ರುವರಿಯಲ್ಲಿ ಕಂಪನಿಯ ಮುಖ್ಯಸ್ಥ ಯೂಸುಫ್ ಹಮೀದ್, ಗಡಿರಹಿತ ವೈದ್ಯರ ಸಂಸ್ಥೆಗೆ ವರ್ಷಕ್ಕೆ 350 ಡಾಲರಿನಂತೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ ದರದಲ್ಲಿ ಈ ಚಿಕಿತ್ಸೆ ಒದಗಿಸುವುದಾಗಿ ಘೋಷಿಸಿದ ಮೇಲೆ ಜಗತ್ತಿನ ಬೆಲೆಗಳು ಒಂದೊಂದಾಗಿ ಕುಸಿದವು.

ವಿದೇಶಗಳಿಗೆ ಅಗ್ಗದ ಮಾತ್ರೆ ಕಳುಹಿಸುತ್ತಿದ್ದ ದೇಶ ತನ್ನ ರೋಗಿಗಳಿಗೆ ಅದನ್ನು ಉಚಿತವಾಗಿ ಕೊಡಲು ತೊಡಗಿದ್ದು 2004ರ ಏಪ್ರಿಲ್ 1ರಂದು. ಕರ್ನಾಟಕವೂ ಸೇರಿದಂತೆ ಸೋಂಕಿನ ಪ್ರಮಾಣ ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯ ಎಂಟು ಸರ್ಕಾರಿ ಕೇಂದ್ರಗಳಲ್ಲಿ ಆರಂಭವಾದ ಎಆರ್‌ಟಿ, ಅಂದರೆ ವೈರಾಣುವಿನ ವೃದ್ಧಿಯನ್ನು ತಡೆಯುವ ಸಂಯುಕ್ತ ಚಿಕಿತ್ಸೆ, ಕ್ರಮೇಣ ದೇಶದೆಲ್ಲೆಡೆ ಹಬ್ಬಿತು. ಆದರೂ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ ಮಾತ್ರ ಮಾತ್ರೆ ಎಂಬ ನಿಯಮ ಹಲವು ವರ್ಷ ಉಳಿದುಕೊಂಡಿತ್ತು. ರೋಗ ಉಲ್ಬಣಿಸಿದ ಮೇಲಷ್ಟೇ ಚಿಕಿತ್ಸೆ ಎಂಬುದು ಇದರ ಅರ್ಥ.

ಈ ನಿಲುವನ್ನು ಬುಡಮೇಲು ಮಾಡಿದ್ದು 2011ರಲ್ಲಿ ಪ್ರಕಟವಾದ, ಒಂಬತ್ತು ದೇಶಗಳ 1,763 ದಂಪತಿ-ಜೋಡಿಗಳನ್ನು ಒಳಗೊಂಡ ಅಧ್ಯಯನ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ ಈ ಜೋಡಿಗಳಲ್ಲಿ, ಸೋಂಕಿತರಿಗೆ ಬೇಗನೆ ಚಿಕಿತ್ಸೆ ಆರಂಭಿಸಿದರೆ ಸಂಗಾತಿಗೆ ಸೋಂಕು ಹರಡುವುದು ಶೇ 96ರಷ್ಟು ತಗ್ಗುತ್ತದೆಂದು ಅದು ತೋರಿಸಿತು. ಭಾರತದಲ್ಲಿ ಈ ಅಧ್ಯಯನ ನಡೆದ ಸ್ಥಳಗಳಲ್ಲಿ, ದೇಶದ ಮೊದಲ ಸೋಂಕು ಪತ್ತೆಯಾದ ಚೆನ್ನೈಯೂ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು. ತಪ್ಪದೆ ಮಾತ್ರೆ ಸೇವಿಸಿ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕ್ಷೀಣಿಸಿರುವ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂಬುದನ್ನು ಮುಂದಿನ ಅಧ್ಯಯನಗಳು ದೃಢಪಡಿಸಿದವು. ಚಿಕಿತ್ಸೆ ಪಡೆಯದ ತಾಯಿಯಿಂದ ಮಗುವಿಗೆ ಸೋಂಕು ತಗುಲುವ ಸಂಭವ ಶೇ 15ರಿಂದ 45ರಷ್ಟಿದ್ದರೆ, ಸಕಾಲದ ಚಿಕಿತ್ಸೆಯಿಂದ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಈ ಅರಿವಿನ ಬಲದಿಂದಲೇ 2017ರಲ್ಲಿ ಭಾರತ, ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ನೀಡುವ ನೀತಿಯನ್ನು ಕೈಗೊಂಡಿತು.

ಇಷ್ಟಾದರೂ ಮಾತ್ರೆಯವರೆಗೆ ಬರುವ ದಾರಿಯಲ್ಲಿ ಕಳಂಕದ ಭಯ ಅಡ್ಡ ನಿಂತಿದೆ. ಪರೀಕ್ಷೆಗೆ ಹೋದರೆ ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಕೈತಪ್ಪೀತೆಂಬ ಅಂಜಿಕೆ ವೈರಾಣುವಿಗೆ ವರ್ಷಗಳ ಅವಕಾಶ ಕೊಡುತ್ತದೆ. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಾದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಉದ್ಯೋಗ, ಶಿಕ್ಷಣ, ವಸತಿ, ಚಿಕಿತ್ಸೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ, ಒಪ್ಪಿಗೆಯಿಲ್ಲದ ಪರೀಕ್ಷೆಯನ್ನು ತಡೆದಿದೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಗಳಲ್ಲಿ, ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ, ಪರೀಕ್ಷೆ ಉಚಿತವಾಗಿದ್ದು ಫಲಿತಾಂಶವನ್ನು ಗೋಪ್ಯವಾಗಿಡಲಾಗುತ್ತದೆ. ಮಾಹಿತಿ ಬೇಕಾದವರು 1097 ಸಂಖ್ಯೆಯ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.