ಒಂದೇ ಒಂದು ಬೇಕೆನ್ನುವವರ ಯಂತ್ರ

ಹೈದರಾಬಾದಿನ ಬಾಲಾನಗರದಲ್ಲಿ ಸಾವಿರ ಪೀಸಿನ ಕೆಲಸ ತಂದವರನ್ನು ಯಾವ ವರ್ಕ್‌ಶಾಪೂ ಹಿಂದಕ್ಕೆ ಕಳಿಸುವುದಿಲ್ಲ. ಒಂದೇ ಒಂದು ಪೀಸು ಬೇಕೆಂದು ಬಂದವರಿಗೆ ಮಾತ್ರ ‘ಆಗೋದಿಲ್ಲ’ ಎನ್ನುತ್ತಾರೆ. ಅದು ಅಹಂಕಾರದ ಮಾತಲ್ಲ. ಯಂತ್ರಕ್ಕೆ ಬಿಟ್ ಹಾಕಿ, ತುಂಡನ್ನು ಬಿಗಿದು, ಅಳತೆ ಹೊಂದಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನದ ಖರ್ಚು ಸಾವಿರ ಪೀಸಿಗೆ ಹಂಚಿಹೋದರೆ ಗಿಟ್ಟುತ್ತದೆ, ಒಂದರ ತಲೆಗೇ ಬಿದ್ದರೆ ಗಿಟ್ಟುವುದಿಲ್ಲ. ಅಂಥದೊಂದು ಟೂಲ್‌ರೂಮಿನಲ್ಲಿ ಡ್ರಾಯಿಂಗ್ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮೊದಲು ಪೆನ್ಸಿಲ್ಲು, ಟಿ-ಸ್ಕ್ವೇರ್, ಆಮೇಲೆ ಕಂಪ್ಯೂಟರು. ಒಂದೇ ಪೀಸು ಕೇಳಿ ಬಂದು ಬರಿಗೈಲಿ ಹೋದವರ ಮುಖಗಳು ನನಗೆ ಇವತ್ತಿಗೂ ನೆನಪಿವೆ. ಮಲ್ಕಾಜಗಿರಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೇ ಜೋಡಿಸಿದ ಸಿಎನ್‌ಸಿ ರೂಟರ್ ಇರುವುದು ಅಂಥವರಿಗಾಗಿ. ಅದು ಕೆತ್ತುವುದೆಲ್ಲ ಒಂದೊಂದೇ.

ರೂಟರ್ ಎಂದರೆ ಬಡಗಿಗಳ ಕೈಯಲ್ಲಿ ನೀವು ನೋಡಿರುವ ಯಂತ್ರವೇ. ಬಾಗಿಲ ಚೌಕಟ್ಟಿನ ಅಂಚಿಗೆ ಗೆರೆ ಎಬ್ಬಿಸಲು, ಹಲಗೆಯಲ್ಲಿ ಕಾಲುವೆ ತೋಡಲು ಅದನ್ನು ಬಳಸುತ್ತಾರೆ. ಗರಗರ ತಿರುಗುವ ಮೋಟರು, ಅದರ ತುದಿಗೆ ಚೂಪಾದ ಬಿಟ್ಟು. ಆ ಮೋಟರನ್ನು ಮನುಷ್ಯನ ಕೈಯಿಂದ ಬಿಡಿಸಿ ಒಂದು ಚೌಕಟ್ಟಿಗೆ ಕಟ್ಟಿ, ಎಡಬಲಕ್ಕೆ, ಹಿಂದೆ ಮುಂದಕ್ಕೆ, ಮೇಲೆ ಕೆಳಕ್ಕೆ ಕಂಪ್ಯೂಟರಿನ ಅಪ್ಪಣೆಯಂತೆ ಓಡಾಡಿಸಿದರೆ ಅದು ಸಿಎನ್‌ಸಿ ರೂಟರ್. ಅಪ್ಪಣೆಯ ಭಾಷೆಗೆ ಜಿ-ಕೋಡ್ ಎಂದು ಹೆಸರು. ‘ಜಿ1 ಎಕ್ಸ್50 ಎಫ್1000’ ಎಂದು ಬರೆದರೆ, ನಿಮಿಷಕ್ಕೆ 1000 ಮಿಲಿಮೀಟರ್ ವೇಗದಲ್ಲಿ ಕೊರೆಯುತ್ತ 50ನೇ ಮಿಲಿಮೀಟರಿನ ಗುರುತಿಗೆ ಹೋಗು ಎಂದರ್ಥ. ಚಿತ್ರ ಎಷ್ಟೇ ಸೊಗಸಾಗಿರಲಿ, ಯಂತ್ರಕ್ಕೆ ತಲುಪುವುದು ಇಂಥ ಸಾವಿರಾರು ಸಾಲುಗಳು ಮಾತ್ರ.

ಇದರ ಮೂಲ ಅಮೆರಿಕದಲ್ಲಿದೆ. ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತ, ಬಾಗಿದ ಮೈಯನ್ನು ಕೊರೆಯಲು ಲೆಕ್ಕದ ಯಂತ್ರದ ನೆರವು ಬೇಕೆಂದು ಹೊರಟ. ಆ ಹಾದಿಯಲ್ಲಿ ಎಂಐಟಿ ವಿಶ್ವವಿದ್ಯಾಲಯದವರು 1952ರಲ್ಲಿ, ತೂತು ಹೊಡೆದ ಕಾಗದದ ಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಮಾಡಿ ತೋರಿಸಿದರು. ಅದರ ನಿಯಂತ್ರಣದ ಪೆಟ್ಟಿಗೆಯೇ ಬೀರುಗಳಷ್ಟು ದೊಡ್ಡದು. ಅಲ್ಲಿಂದ ಮುಂದೆ ಬಹುಕಾಲ ಇದು ದೊಡ್ಡ ಕಾರ್ಖಾನೆಗಳ ಸೊತ್ತಾಗಿಯೇ ಉಳಿಯಿತು. ಮನೆಯ ಶೆಡ್ಡಿಗೆ ಸುಲಭವಾಗಿ ಬಂದದ್ದು 2009ರ ನಂತರ. ಆ ವರ್ಷ ನಾರ್ವೆಯ ಸಿಮೆನ್ ಸ್ವಾಲೆ ಸ್ಕೊಗ್ಸ್ರುಡ್ ಎಂಬವರು ‘ಗರ್ಬಲ್’ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಅಂಗೈಯಲ್ಲಿ ಹಿಡಿಯುವ ಆರ್ಡುಯಿನೊ ಬೋರ್ಡಿನ 32 ಕಿಲೋಬೈಟ್ ಜಾಗದಲ್ಲಿ ಅದು ಕೂತುಕೊಳ್ಳುತ್ತದೆ. ಮೂರು ದಿಕ್ಕಿನ ಮೋಟರುಗಳನ್ನು ಒಟ್ಟಿಗೆ, ಲಯ ತಪ್ಪದಂತೆ ನಡೆಸುತ್ತದೆ. ಮೊಬೈಲಿನ ಒಂದು ಫೋಟೊಗೂ ಸಾಲದ ಜಾಗದಲ್ಲಿ ಇಷ್ಟೊಂದು ಕೆಲಸ ಅಡಗಿಸಿದ್ದಾರಲ್ಲ, ಅವರ ಬಗ್ಗೆ ನನಗೆ ತುಂಬು ಗೌರವ.

ಈ ಊರಿನಲ್ಲಿ ಯಂತ್ರ ಜೋಡಿಸುವುದು ಕಷ್ಟವಲ್ಲ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬೋರ್ಡು, ಮೋಟರ್ ಡ್ರೈವರು, ಪವರ್ ಸಪ್ಲೈ, ವೈರು ಎಲ್ಲ ಅಕ್ಕಪಕ್ಕದ ಅಂಗಡಿಗಳಲ್ಲೇ ಸಿಗುತ್ತವೆ. ಬೇರಿಂಗು, ಬೋಲ್ಟು, ಅಲೆನ್ ಕೀ ಬೇಕಾದರೆ ಸಿಕಂದರಾಬಾದಿನ ರಾಣಿಗಂಜ್. ಜಾರುವ ಹಳಿಗಳು ಹಳೆಯ ಯಂತ್ರದಿಂದ ಬಿಚ್ಚಿದವು, ಗುಜರಿಯಲ್ಲಿ ಸಿಕ್ಕವು. ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟು. 600 ಮಿಲಿಮೀಟರ್ ಉದ್ದ, 400 ಅಗಲದ ಹಲಗೆ ಅದರ ಮೇಲೆ ಕೂರುತ್ತದೆ. ಎಲ್ಲ ಸೇರಿ ಐವತ್ತು ಸಾವಿರ ರೂಪಾಯಿಯೊಳಗೆ ಮುಗಿಯಿತು. 1943ರಲ್ಲೇ ಪ್ರಾಗಾ ಟೂಲ್ಸ್ ಕಾರ್ಖಾನೆ ಕಂಡ ಊರು ಇದು. 1968ರಿಂದ ಬಾಲಾನಗರದಲ್ಲಿ ಟೂಲ್ ಡಿಸೈನ್ ಕಲಿಸುವ ಕೇಂದ್ರ ಸಂಸ್ಥೆ ಇದೆ. ಹತ್ತನೇ ಒಂದು ಮಿಲಿಮೀಟರಿನ ಬಗ್ಗೆ ಮಾತಾಡಿದರೆ ಅರ್ಥವಾಗುವ ಜನ ಇಲ್ಲಿ ಪ್ರತಿ ಗಲ್ಲಿಯಲ್ಲೂ ಇದ್ದಾರೆ. ಅದು ದುಡ್ಡಿಗೆ ಸಿಗುವುದಲ್ಲ.

ಯಂತ್ರದ ನಿಖರತೆಯ ಲೆಕ್ಕ ಶಾಲೆಯ ಮಕ್ಕಳೂ ಮಾಡಬಹುದಾದದ್ದು. ಸ್ಟೆಪ್ಪರ್ ಮೋಟರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ, ಹೆಜ್ಜೆಗೆ 1.8 ಡಿಗ್ರಿ. ಡ್ರೈವರು ಒಂದೊಂದು ಹೆಜ್ಜೆಯನ್ನೂ 16 ಪಾಲು ಮಾಡಿದರೆ ಸುತ್ತಿಗೆ 3200 ಆಯಿತು. ಮೋಟರಿಗೆ ಕಟ್ಟಿದ ಸ್ಕ್ರೂ ಸುತ್ತಿಗೆ 8 ಮಿಲಿಮೀಟರ್ ಸರಿಯುತ್ತದೆ. ಅಂದರೆ ಒಂದು ಮಿಲಿಮೀಟರಿಗೆ 400 ಹೆಜ್ಜೆ. ಆದರೆ ಕಾಗದದ ಮೇಲಿನ ಈ ಲೆಕ್ಕ ಮರದ ಮೇಲೆ ಹಾಗೇ ಇಳಿಯುವುದಿಲ್ಲ. ಚೌಕಟ್ಟು ಕೂದಲೆಳೆಯಷ್ಟು ಬಾಗುತ್ತದೆ, ಸ್ಕ್ರೂವಿಗೂ ನಟ್ಟಿಗೂ ನಡುವೆ ಸಡಿಲ ಇರುತ್ತದೆ, ಮಳೆಗಾಲದಲ್ಲಿ ಹಲಗೆಯೇ ಉಬ್ಬುತ್ತದೆ. ಹತ್ತನೇ ಒಂದು ಮಿಲಿಮೀಟರ್ ಸಿಕ್ಕರೆ ಮರಗೆಲಸಕ್ಕೆ ಬೇಕಾದಷ್ಟಾಯಿತು.

ಈ ಶೆಡ್ಡಿನಲ್ಲಿ ಆದ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಸಿಗಬಹುದು, ಆದರೆ ಹುಣಸೆಬೀಜ ಬಿದ್ದಾಗ ಮರ ಕೊಡುವ ಸದ್ದನ್ನು ಪ್ಲಾಸ್ಟಿಕ್ಕು ಕೊಡುವುದಿಲ್ಲ. 25 ಮಿಲಿಮೀಟರ್ ದಪ್ಪದ ಸಾಗವಾನಿ ಹಲಗೆ ತಗೊಂಡೆ. ಗುಳಿಯ ಅಡ್ಡಗಲ 60, ಆಳ 15 ಮಿಲಿಮೀಟರ್. ಮೊದಲು ಚಪ್ಪಟೆ ತುದಿಯ 6 ಮಿಲಿಮೀಟರ್ ಬಿಟ್ಟಿನಿಂದ, ಸಲಕ್ಕೆ 2 ಮಿಲಿಮೀಟರ್ ಇಳಿಯುತ್ತ ಒರಟಾಗಿ ತೋಡಬೇಕು. ಆಗ ಗುಳಿ ಕಲ್ಯಾಣಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆಮೇಲೆ ಗುಂಡು ತುದಿಯ ಬಿಟ್ಟು ಹಾಕಿ, ಗೆರೆಯ ಪಕ್ಕ ಗೆರೆ, ಅರ್ಧ ಮಿಲಿಮೀಟರ್ ಅಂತರದಲ್ಲಿ ಇಡೀ ಗುಳಿಯನ್ನು ಸವರಿಸಬೇಕು. ಎರಡು ಗೆರೆಗಳ ನಡುವೆ ಉಳಿಯುವ ದಿಣ್ಣೆ ತಳದಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅದನ್ನು ಉಪ್ಪುಕಾಗದ ನೋಡಿಕೊಳ್ಳುತ್ತದೆ. ಹದಿನಾಲ್ಕು ಗುಳಿಗೆ ಯಂತ್ರ ಸುಮಾರು ಎರಡೂವರೆ ಗಂಟೆ ದುಡಿಯಿತು.

ಆ ಹೊತ್ತೆಲ್ಲ ಎದ್ದುಹೋಗದೆ ಕಿವಿಗೊಟ್ಟು ಕೂರಬೇಕು. ಎರಡು ಅಲಗಿನ ಬಿಟ್ಟು ನಿಮಿಷಕ್ಕೆ 10,000 ಸುತ್ತು ತಿರುಗಿದರೆ 20,000 ಸಲ ಮರವನ್ನು ಕಚ್ಚುತ್ತದೆ. ನಿಮಿಷಕ್ಕೆ 1000 ಮಿಲಿಮೀಟರ್ ಮುಂದೆ ಸರಿದರೆ ಒಂದೊಂದು ಕಚ್ಚಿಗೂ ಬರುವ ಸಿಪ್ಪೆ 0.05 ಮಿಲಿಮೀಟರ್ ದಪ್ಪ. ಹೆದರಿ ತೀರಾ ನಿಧಾನ ಮಾಡಿದರೆ ಬಿಟ್ಟು ಕೊರೆಯುವುದನ್ನು ನಿಲ್ಲಿಸಿ ಉಜ್ಜತೊಡಗುತ್ತದೆ. ಸದ್ದು ಕೀರಲಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಗುಳಿಯ ಗೋಡೆ ಕಪ್ಪಾಗುತ್ತದೆ. ಕೈಗೆ ತೆಗೆದುಕೊಂಡರೆ ಸಿಪ್ಪೆ ಸಿಪ್ಪೆಯಾಗಿಯೇ ಇರಬೇಕು, ಹಿಟ್ಟಾಗಿರಬಾರದು. ಸಾಗವಾನಿಯ ಮೈಯಲ್ಲಿ ಸಿಲಿಕಾ ಇರುವುದರಿಂದ ಬಿಟ್ಟಿನ ಮೊನೆ ಬೇಗ ಸಾಯುತ್ತದೆ. ಎಳೆಗೆ ಅಡ್ಡಲಾಗಿ ಹೋದ ಕಡೆ ಅಂಚು ಚಕ್ಕೆ ಏಳುತ್ತದೆ. ಇದನ್ನೆಲ್ಲ ಯಾವ ತಂತ್ರಾಂಶವೂ ಹೇಳಿಕೊಡುವುದಿಲ್ಲ, ಮರವೇ ಹೇಳಬೇಕು. ಯಂತ್ರ ಬಂದ ಮೇಲೆ ಮರದ ಗುಣ ತಿಳಿಯಬೇಕಾಗಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮನೆ ಮುಂದಿನ ಹೆಸರಿನ ಫಲಕಗಳು ಇನ್ನೊಂದು ಬಗೆಯ ಕೆಲಸ. ತಿರುಗುವ ಬಿಟ್ಟು ದುಂಡಗಿರುವುದರಿಂದ ಒಳಮೂಲೆಯನ್ನು ಚೂಪಾಗಿ ಕೊರೆಯಲಾರದು. ಇಂಗ್ಲಿಷಿನ ‘ಇ’, ‘ಎಚ್’ ಅಕ್ಷರಗಳ ಮೂಲೆಗಳೆಲ್ಲ ಅದರ ಕೈಯಲ್ಲಿ ಮೊಂಡಾಗುತ್ತವೆ. ಕನ್ನಡ, ತೆಲುಗು ಅಕ್ಷರಗಳಿಗೆ ಅಂಥ ಮೂಲೆಗಳೇ ಕಡಿಮೆ, ಬಿಟ್ಟು ಸಲೀಸಾಗಿ ಸುತ್ತಿಬರುತ್ತದೆ. ತೊಂದರೆ ಬರುವುದು ಒತ್ತಕ್ಷರದಲ್ಲಿ. ‘ಸ್ತ್ರ’ದಂಥ ಕಡೆ ಗೆರೆಗಳ ನಡುವೆ ಬಿಟ್ಟು ನುಗ್ಗುವಷ್ಟು ಜಾಗ ಇರುವುದಿಲ್ಲ, ಅಕ್ಷರ ದೊಡ್ಡದು ಮಾಡಬೇಕು, ಇಲ್ಲವೇ ಬಿಟ್ಟು ಸಣ್ಣದು ಮಾಡಬೇಕು. ‘ಬಾಲೂ ತಮ್ಮ’ ಎಂಬ ಉಚಿತ ಫಾಂಟು ದಪ್ಪಗೆ ದುಂಡಗೆ ಇರುವುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ರಂಗೋಲಿ ಅಚ್ಚಿನಂತೆ ಆರಪಾರ ಕತ್ತರಿಸುವಾಗ ಸೊನ್ನೆಯ ನಡುವಿನ ಬಿಲ್ಲೆ ಉದುರಿಬೀಳುತ್ತದೆ, ಅದಕ್ಕೊಂದು ಸಣ್ಣ ಸೇತುವೆ ಬಿಡಬೇಕು. ನಮ್ಮ ಪಕ್ಕದ ಮನೆಯವರು ಉರ್ದುವಿನಲ್ಲಿ ಫಲಕ ಕೇಳಿದರು. ಉರ್ದು ಬರಹದ ಗೆರೆ ದಪ್ಪಗೆ ಹೊರಟು ಕೂದಲಿನಷ್ಟು ಸಣ್ಣಗಾಗಿ ಮುಗಿಯುತ್ತದೆ. ಅದಕ್ಕೆ ‘ವಿ’ ಆಕಾರದ ಬಿಟ್ಟೇ ಬೇಕು. 60 ಡಿಗ್ರಿಯ ಬಿಟ್ಟು 3 ಮಿಲಿಮೀಟರ್ ಇಳಿದರೆ ಗೆರೆ ಮೂರೂವರೆ ಮಿಲಿಮೀಟರ್ ಅಗಲ. ಮೇಲೇಳುತ್ತ ಬಂದಂತೆ ಗೆರೆಯೂ ಸಣ್ಣಗಾಗುತ್ತದೆ.

ಸಕ್ಕರೆ ಅಚ್ಚಿನ ಕೆಲಸ ಬಂದದ್ದು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಪರಿಚಯವಾದ ಮೈಸೂರು ಕಡೆಯ ಅಜ್ಜಿಯಿಂದ. ಸಂಕ್ರಾಂತಿಗೆ ಎಳ್ಳಿನ ಜೊತೆ ಬೀರುವ ಸಕ್ಕರೆ ಗೊಂಬೆಗಳ ಮರದ ಅಚ್ಚುಗಳು ಅವರ ಅತ್ತೆಯ ಕಾಲದವು. ಗಿಳಿಯ ಅಚ್ಚಿನ ಒಂದು ಹಲಗೆಯನ್ನು ಗೆದ್ದಲು ತಿಂದಿತ್ತು. ಉಳಿದದ್ದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು, “ಇದಕ್ಕೊಂದು ಜೋಡಿ ಮಾಡಕ್ಕಾಗತ್ತಾ ನೋಡಮ್ಮ, ಒಂದೇ ಒಂದಕ್ಕೆ ಯಾರೂ ಒಪ್ಪಲ್ಲ ಅಂತಾರೆ” ಎಂದರು.

“ಅರ್ಧ ಇದ್ರ ಸಾಕು ಅಜ್ಜಿ, ಉಳಿದರ್ಧ ಇದ್ರಾಗೇ ಅದ” ಎಂದೆ. ನನ್ನದು ಬೀದರ್ ಮಾತು, ಅವರಿಗೆ ನಗು ಬಂತು.

ಗಿಳಿಯ ಎರಡು ಮಗ್ಗುಲೂ ಒಂದಕ್ಕೊಂದು ಕನ್ನಡಿ ಬಿಂಬ. ಹಾಗಾಗಿ ಉಳಿದ ಹಲಗೆಯನ್ನು ಸ್ಕೇಲಿನ ಜೊತೆ ಸ್ಕ್ಯಾನರಿನ ಮೇಲೆ ಮಲಗಿಸಿ ಹೊರಗೆರೆ ತೆಗೆದೆ. ಕೊಕ್ಕು, ಕತ್ತು, ರೆಕ್ಕೆ, ಬಾಲ, ಹೀಗೆ ಒಂದೊಂದು ಕಡೆಯೂ ಕ್ಯಾಲಿಪರಿನ ಕಡ್ಡಿ ಇಳಿಸಿ ಆಳ ಬರೆದುಕೊಂಡೆ. ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುವಿಹಾಕಿದರೆ ಕಳೆದುಹೋದ ಅರ್ಧ ಸಿದ್ಧ. ಮೂರು ದಿಕ್ಕಿನ ಯಂತ್ರ ಮೇಲಿನಿಂದ ಮಾತ್ರ ಇಳಿಯಬಲ್ಲದು, ಒಳಗೆ ನುಗ್ಗಿ ಅಡಿಯನ್ನು ಕೊರೆಯಲಾರದು. ಬೇರೆ ಕೆಲಸದಲ್ಲಿ ಇದು ಕೊರತೆ, ಅಚ್ಚಿನಲ್ಲಿ ಮಾತ್ರ ಇದೇ ಅನುಕೂಲ. ಅಡಿಗೆ ಕೊರೆದಿದ್ದರೆ ಗಟ್ಟಿಯಾದ ಸಕ್ಕರೆ ಅಲ್ಲೇ ಸಿಕ್ಕಿಕೊಂಡು ಗಿಳಿಯ ಕೊಕ್ಕು ಮುರಿಯುತ್ತಿತ್ತು. ಹಳೆಯ ಹಲಗೆಯಲ್ಲಿ ಗೋಡೆಗಳೆಲ್ಲ ಹೊರಕ್ಕೆ ಒಂಚೂರು ಓರೆಯಾಗಿದ್ದವು. ಅದನ್ನು ಉಳಿಯಲ್ಲಿ ಕೆತ್ತಿದವರು ಯಾರೋ ಗೊತ್ತಿಲ್ಲ, ಟೂಲ್‌ರೂಮಿನಲ್ಲಿ ನಾವು ಡ್ರಾಫ್ಟ್ ಆಂಗಲ್ ಎಂದು ಗುರುತು ಹಾಕುತ್ತಿದ್ದುದನ್ನು ಅವರು ಕಣ್ಣಳತೆಯಲ್ಲೇ ಸಾಧಿಸಿದ್ದರು. ಆ ಓರೆಯನ್ನು ಹಾಗೇ ಉಳಿಸಿಕೊಂಡೆ. ಹೊಸ ಹಲಗೆಗೆ ಬಣ್ಣ, ಪಾಲಿಶ್ ಏನೂ ಹಚ್ಚಲಿಲ್ಲ, ಬಾಯಿಗೆ ಹೋಗುವ ವಸ್ತು ನೋಡಿ. ಆ ಸಂಕ್ರಾಂತಿಗೆ ಎರಡೂ ಹಲಗೆಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ಪಾಕ ಹೊಯ್ದರು. ಗಿಳಿ ಬಿಳಿಯಾಗಿ, ಇಡಿಯಾಗಿ ಬಂತು.

ಬೀದರಿನವಳೆಂದು ಬಿದರಿ ಕೆಲಸವನ್ನೂ ಇದರಲ್ಲಿ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಮಾಡುವುದಿಲ್ಲ. ಬಿದರಿಯ ಕುಶಲಕರ್ಮಿ ಸತು-ತಾಮ್ರದ ಪಾತ್ರೆಯ ಮೇಲೆ ಕೈಯಿಂದಲೇ ಬಳ್ಳಿ ಬರೆದು, ಉಳಿಯಿಂದ ಗೀರಿ, ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾನೆ. ಅದು ಅವನ ಅನ್ನ, ಅದಕ್ಕೆ ಭೌಗೋಳಿಕ ಸೂಚಿಕೆಯ ರಕ್ಷಣೆಯೂ ಇದೆ. ಕೆತ್ತುವ ಕೈ ಇನ್ನೂ ಇರುವಲ್ಲಿ ಯಂತ್ರ ಅಡ್ಡಬರಬಾರದು. ಕೈ ಸಿಗದ ಕಡೆ, ಕೈ ಒಪ್ಪದ ಕಡೆ ಮಾತ್ರ ಅದರ ಕೆಲಸ.

ಇದಕ್ಕೆ ಇಳಿಯುವವರು ಕೆಲವು ವಿಷಯಗಳಲ್ಲಿ ರಾಜಿಯಾಗಬಾರದು. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವೇ ಪಟ್ಟಿಮಾಡಿದೆ. ಮಾಸ್ಕು, ಧೂಳು ಎಳೆಯುವ ವ್ಯಾಕ್ಯೂಮು ಇಲ್ಲದೆ ಸ್ವಿಚ್ ಒತ್ತಬೇಡಿ. ಕಣ್ಣಿಗೆ ಕನ್ನಡಕ ಬೇಕು. ಕೈಗವಸು ಬೇಡ, ತಿರುಗುವ ಬಿಟ್ಟು ಅದನ್ನು ಕೈಸಮೇತ ಸೆಳೆಯುತ್ತದೆ. ನಾನು ಶೆಡ್ಡಿಗೆ ಹೋಗುವಾಗ ಬಳೆ ತೆಗೆದಿಟ್ಟು, ಕೂದಲು ಗಂಟು ಹಾಕಿ, ಸೀರೆ ಬಿಟ್ಟು ಚೂಡಿದಾರ್ ಹಾಕುತ್ತೇನೆ, ಅದೂ ದುಪಟ್ಟಾ ಇಲ್ಲದೆ. ಕರೆಂಟು ಹೋದರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಮೂರೂ ದಿಕ್ಕಿಗೆ ಲಿಮಿಟ್ ಸ್ವಿಚ್ ಇಟ್ಟಿದ್ದರೆ ಮತ್ತೆ ಮೂಲಸ್ಥಾನಕ್ಕೆ ಹೋಗಿ ಅಲ್ಲಿಂದ ಲೆಕ್ಕ ಹಿಡಿಯುತ್ತದೆ.

ಮನೆಯಲ್ಲಿ ಜಾಗವಿಲ್ಲದವರಿಗೆ ಈ ಊರಿನಲ್ಲಿ ಬೇರೆ ದಾರಿಯೂ ಇದೆ. 2023ರ ಮಾರ್ಚ್ 2ರಂದು ರಾಯದುರ್ಗದಲ್ಲಿ ತೆಲಂಗಾಣ ಸರ್ಕಾರದ ಟಿ-ವರ್ಕ್ಸ್ ಶುರುವಾಯಿತು. 78,000 ಚದರಡಿಯಲ್ಲಿ ಮರ, ಲೋಹ, ಎಲೆಕ್ಟ್ರಾನಿಕ್ಸ್, ಕುಂಬಾರಿಕೆಗೆಲ್ಲ ಯಂತ್ರಗಳನ್ನಿಟ್ಟು, ಮಾದರಿ ತಯಾರಿಸಿ ನೋಡುವವರಿಗೆಂದೇ ಕಟ್ಟಿದ್ದು. ಇನ್ನೂ ಹಳೆಯ ಉದಾಹರಣೆ ಪುಣೆಯ ಹತ್ತಿರದ ಪಾಬಳ ಗ್ರಾಮದ್ದು. ಅಮೆರಿಕದ ಅದೇ ಎಂಐಟಿಯ ನೆರವಿನಿಂದ ಅಲ್ಲಿನ ವಿಜ್ಞಾನ ಆಶ್ರಮದಲ್ಲಿ 2002ರಲ್ಲೇ ಇಂಥ ಯಂತ್ರಗಳ ಕಾರ್ಯಾಗಾರ, ‘ಫ್ಯಾಬ್ ಲ್ಯಾಬ್’, ಬಂತು. ಹಳ್ಳಿಯೊಂದಕ್ಕೆ ಆಗಲೇ ಆದದ್ದು ನಮ್ಮ ತಾಲ್ಲೂಕು ಕೇಂದ್ರಗಳ ಐಟಿಐಗಳಿಗೆ ಈಗ ಆಗದೇ ಇರಲು ಕಾರಣವಿಲ್ಲ.

ಯಂತ್ರ ಕಟ್ಟುವುದು ಎಲ್ಲರಿಂದಲೂ ಆಗದಿರಬಹುದು, ಅಳತೆ ತೆಗೆಯುವುದು ಆಗುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ ಸಕ್ಕರೆ ಅಚ್ಚು, ಅಳಗುಳಿಮಣೆ, ಶಾವಿಗೆ ಮಣೆ, ತೊಟ್ಟಿಲಿನ ಗೊಂಬೆ ಏನಾದರೂ ಇದ್ದರೆ ಗೆದ್ದಲಿಗಿಂತ ಮೊದಲು ನೀವು ಅದರ ಹತ್ತಿರ ಹೋಗಿ. ನೇರ ಮೇಲಿನಿಂದ ಒಂದು ಫೋಟೊ, ಮಗ್ಗುಲಿನಿಂದ ಒಂದು ಫೋಟೊ ತೆಗೆಯಿರಿ. ಎರಡರಲ್ಲೂ ಪಕ್ಕಕ್ಕೆ ಸ್ಕೇಲು ಇಟ್ಟಿರಿ. ಉದ್ದ, ಅಗಲ, ಆಳ, ಯಾವ ಮರ, ಯಾರ ಮನೆಯದು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಅಷ್ಟಿದ್ದರೆ ನನ್ನಂಥವರು ಮತ್ತೆ ಒಂದನ್ನು ಮಾಡಿಕೊಡಬಲ್ಲೆವು.