ಮತಕ್ಕಾಗಿ ಕಲಿತ ಕನ್ನಡ, ಮತ ಮೀರಿ ಉಳಿದ ನಂಟು

ಹೊಸದಿಲ್ಲಿ: ಚುನಾವಣೆ ಬಂತೆಂದರೆ ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿರುವ ಕರ್ನಾಟಕ ಭವನಕ್ಕೆ ಟಿಕೆಟ್ ಆಕಾಂಕ್ಷಿಗಳ ದಂಡೇ ಬಂದಿಳಿಯುತ್ತದೆ. ರಾಜ್ಯದ ಚುನಾವಣಾ ತಂತ್ರ ರಾಜಧಾನಿಯಲ್ಲಿ ರೂಪುಗೊಳ್ಳುವುದು ಹೊಸತೇನಲ್ಲ. ಆದರೆ ದಿಲ್ಲಿಯ ನಾಯಕಿಯೊಬ್ಬರು ಮತ ಯಾಚಿಸಲು ಕನ್ನಡವನ್ನೇ ಕಲಿತದ್ದು 1999ರ ಬಳ್ಳಾರಿ ಲೋಕಸಭಾ ಚುನಾವಣೆಯ ವೈಶಿಷ್ಟ್ಯ.

ಅಂದು ಕಾಂಗ್ರೆಸ್ ಅಧ್ಯಕ್ಷೆ ಸೋನಿಯಾ ಗಾಂಧಿ ಅಮೇಠಿಯ ಜತೆಗೆ ಪಕ್ಷದ ಭದ್ರಕೋಟೆಯಾಗಿದ್ದ ಬಳ್ಳಾರಿಯಲ್ಲೂ ಸ್ಪರ್ಧಿಸಿದರು. ಎದುರಾಳಿಯಾಗಿ ಬಿಜೆಪಿ ಕಣಕ್ಕಿಳಿಸಿದ್ದು ಹರಿಯಾಣ ಮೂಲದ ಸುಷ್ಮಾ ಸ್ವರಾಜ್ ಅವರನ್ನು. 1998ರಲ್ಲಿ ಕೆಲಕಾಲ ದಿಲ್ಲಿಯ ಮುಖ್ಯಮಂತ್ರಿಯಾಗಿದ್ದ ಅವರಿಗೆ ಬಳ್ಳಾರಿ ಅಪರಿಚಿತ ಊರು. ‘ಸ್ವದೇಶಿ-ವಿದೇಶಿ’ ಎಂಬ ಘೋಷಣೆ ಒಂದೆಡೆಯಾದರೆ, ಅಲ್ಪಾವಧಿಯಲ್ಲೇ ಕನ್ನಡ ಕಲಿತು ಪ್ರಚಾರ ಸಭೆಗಳಲ್ಲಿ ಕನ್ನಡದಲ್ಲೇ ಮಾತನಾಡಿದ್ದು ಇನ್ನೊಂದೆಡೆ ಜನರನ್ನು ಸೆಳೆಯಿತು.

ಆದರೆ ನೆರೆದ ಜನವೆಲ್ಲ ಮತವಾಗಲಿಲ್ಲ. ಸೋನಿಯಾ ಸುಮಾರು 56 ಸಾವಿರ ಮತಗಳ ಅಂತರದಿಂದ ಗೆದ್ದರು. ಬಳಿಕ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ನೀಡಿದರು. ಸೋತ ಸುಷ್ಮಾ ಮಾತ್ರ ಮುಂದೆ ಹಲವು ವರ್ಷ ವರಮಹಾಲಕ್ಷ್ಮೀ ಹಬ್ಬಕ್ಕೆ ತಪ್ಪದೆ ಬಳ್ಳಾರಿಗೆ ಬಂದು ಪೂಜೆಯಲ್ಲಿ ಪಾಲ್ಗೊಂಡರು. 2014ರಿಂದ 2019ರವರೆಗೆ ವಿದೇಶಾಂಗ ಸಚಿವೆಯಾಗಿದ್ದ ಅವರು 2019ರ ಆಗಸ್ಟ್ 6ರಂದು ನಿಧನರಾದಾಗ ಬಳ್ಳಾರಿಯೂ ಕಂಬನಿ ಮಿಡಿಯಿತು.

ಅಂದಿನ ಸಭೆಗಳ ಶಾಮಿಯಾನ ಕಳಚಿ ಎಷ್ಟೋ ವರ್ಷಗಳಾದವು. ಕಲಿತ ಭಾಷೆ ಬೆಸೆದ ನಂಟನ್ನು ಮಾತ್ರ ಬಳ್ಳಾರಿಯ ಜನ ಮರೆತಿಲ್ಲ. ಕೆಲವೇ ವಾರಗಳ ಚುನಾವಣೆಗಾಗಿ ಪರಭಾಷಿಕರೊಬ್ಬರು ಕನ್ನಡ ಕಲಿಯಬಹುದಾದರೆ, ಮಕ್ಕಳಿಗೆ ಕಲಿಸಲು ಸಮಯವಿಲ್ಲ ಎನ್ನುವ ಹೊರನಾಡ ಕನ್ನಡಿಗರು ಒಮ್ಮೆ ಯೋಚಿಸಬೇಕಲ್ಲವೇ?